ರಾಕೆಟ್ ಉಡಾವಣೆ ಖಾಸಗಿಯವರ ಕೈಗೆ ಹೋದರೆ ಇಸ್ರೋ ಕಥೆ ಮುಗಿದಂತೆಯೇ?

ಇಲ್ಲ. ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗರು ಚಹಾ ಕುಡಿಯುತ್ತ ‘ಇಸ್ರೋನೂ ಮಾರಿಬಿಟ್ರಲೇ’ ಅನ್ನುವುದುಂಟು. ಮಾರಿಲ್ಲ. ಐದು ಪಿಎಸ್‌ಎಲ್‌ವಿ ರಾಕೆಟ್ ಕಟ್ಟುವ ಗುತ್ತಿಗೆ 2022ರಲ್ಲಿ ಎಚ್‌ಎಎಲ್ ಮತ್ತು ಎಲ್ ಆ್ಯಂಡ್ ಟಿ ಜೋಡಿಗೆ ಸಿಕ್ಕಿತು. 2025ರಲ್ಲಿ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನದ ಬಿಡ್ ಗೆದ್ದದ್ದೂ ಎಚ್‌ಎಎಲ್. ಅದು ಸರ್ಕಾರದ್ದೇ ಕಂಪನಿ ಅನ್ನುವುದು ಚರ್ಚೆಯ ಬಿಸಿಯಲ್ಲಿ ಮರೆತುಹೋಗುತ್ತದೆ. ಶ್ರೀಹರಿಕೋಟಾ ಉಡಾವಣಾ ಕೇಂದ್ರ ಇಸ್ರೋ ಕೈಯಲ್ಲೇ ಇದೆ. ಖಾಸಗಿಯವರಿಗೆ ಅನುಮತಿ ಕೊಡುವುದು ಕೇಂದ್ರ ಸರ್ಕಾರದ ಇನ್‌ಸ್ಪೇಸ್ ಸಂಸ್ಥೆ.

ನನಗೆ ಅಂಜಿಕೆ ಇರುವುದು ಒಂದೇ ಕಂಪನಿಯನ್ನು ನೆಚ್ಚುವುದರ ಬಗ್ಗೆ. ಗಗನಯಾತ್ರಿಗಳನ್ನು ಒಯ್ಯಲು ನಾಸಾ 2014ರಲ್ಲಿ ಬೋಯಿಂಗ್, ಸ್ಪೇಸ್‌ಎಕ್ಸ್ ಎರಡಕ್ಕೂ ಗುತ್ತಿಗೆ ಕೊಟ್ಟಿತ್ತು. 2024ರಲ್ಲಿ ಬೋಯಿಂಗ್‌ನ ಸ್ಟಾರ್‌ಲೈನರ್ ನೌಕೆಯಲ್ಲಿ ದೋಷ ಕಂಡಿತು. ಅದರಲ್ಲಿ ಹೋಗಿದ್ದ ಸುನೀತಾ ವಿಲಿಯಮ್ಸ್ 2025ರ ಮಾರ್ಚ್‌ನಲ್ಲಿ ಮರಳಿದ್ದು ಸ್ಪೇಸ್‌ಎಕ್ಸ್ ನೌಕೆಯಲ್ಲಿ. ಇನ್ನೊಂದು ಕಂಪನಿ ಇರದಿದ್ದರೆ?