ಕನ್ನಡ ವೆಬ್‌ಸೈಟನ್ನು ಸ್ಕ್ರೀನ್ ರೀಡರ್ ಓದುವಂತೆ ಮಾಡಲು ಯಾವ ಪ್ಲಗಿನ್ ಹಾಕಬೇಕು?

ಪ್ಲಗಿನ್ ಯಾವುದೂ ಬೇಡ. ಸ್ಕ್ರೀನ್ ರೀಡರ್ ಅಂದರೆ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ನೀವು ಊರಿನ ಸುದ್ದಿಯ ವೆಬ್‌ಸೈಟ್ ನಡೆಸುತ್ತೀರಿ, ಕಣ್ಣು ಕಾಣದ ಓದುಗರೊಬ್ಬರು ‘ಓದೋಕೆ ಆಗ್ತಿಲ್ಲ’ ಅಂದರು ಎಂದು ಬರೆದಿದ್ದೀರಿ. ನನಗೂ ಕಣ್ಣು ಕಾಣುವುದಿಲ್ಲ, ವೆಬ್‌ಸೈಟ್ ಪರೀಕ್ಷಿಸುವುದೇ ನನ್ನ ಕೆಲಸ. ಅವರಿಗೆ ಏನು ಕೇಳಿಸಿರಬಹುದು ಅನ್ನುವುದು ಸುಮಾರಾಗಿ ಗೊತ್ತಾಗುತ್ತದೆ.

ಮೊದಲು ಹಳೆಯ ಸುದ್ದಿಗಳನ್ನು ನೋಡಿ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷಿನ ಅಕ್ಷರ, ಚಿಹ್ನೆಗಳಿಗೇ ಕನ್ನಡದ ರೂಪ ತೊಡಿಸಿದ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಹಾಕಿದ್ದೀರಾ? ಹಾಗಿದ್ದರೆ ಅಲ್ಲೇ ಇದೆ ತೊಂದರೆ. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಕಾಣುವ ಪದದ ಒಳಗಿರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಹೀಗೆ. ಸ್ಕ್ರೀನ್ ರೀಡರಿಗೆ ಫಾಂಟಿನ ಚಂದ ಗೊತ್ತಿಲ್ಲ, ಒಳಗಿದ್ದದ್ದನ್ನೇ ಓದುತ್ತದೆ. ಒಂದು ಇಡೀ ಸಂಪಾದಕೀಯವನ್ನು ಹೀಗೆ ಕೇಳಿಸಿಕೊಳ್ಳುವುದು ಹೇಗಿರುತ್ತೆ ಅಂತ ಯೋಚಿಸಿ! ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿಯೇ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯಾ ಎಂದು ಒಮ್ಮೆ ಕಣ್ಣಾಡಿಸಿ. ಸುದ್ದಿಯನ್ನೇ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕುವ ಅಭ್ಯಾಸವಿದ್ದರೆ ಅದೇ ಪಠ್ಯವನ್ನು ಕೆಳಗೆ ಬರೆದುಬಿಡಿ.

ಇನ್ನೊಂದು, ಯಾರೂ ಗಮನಿಸದ್ದು. ರೆಡಿಮೇಡ್ ಟೆಂಪ್ಲೇಟುಗಳಲ್ಲಿ ಸಾಮಾನ್ಯವಾಗಿ ಪುಟದ ಭಾಷೆ ಇಂಗ್ಲಿಷ್ ಎಂದೇ ಇರುತ್ತದೆ. ಪುಟದ ಕೋಡಿನ ಮೊದಲಲ್ಲಿರುವ ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್ (lang) ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕೆಎನ್’ (kn) ಎಂದು ಕೊಡದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಗೆ ಹೊರಳಬಹುದು. ಅಂಥ ಹಲವು ಧ್ವನಿಗಳು ಕನ್ನಡ ಅಕ್ಷರಗಳನ್ನು ಸುಮ್ನೆ ಹಾರಿಸಿಬಿಡುತ್ತವೆ. ಕೃಷಿ ಮಾರುಕಟ್ಟೆಯ ಸುದ್ದಿಯಲ್ಲಿ ನನಗೆ ಬರೀ ಬೆಲೆಗಳು ಕೇಳಿಸಿದ್ದುಂಟು, ಯಾವ ಬೆಳೆಗೆ ಎಷ್ಟು ಅನ್ನುವುದು ಮಾಯ. ಸರಿಪಡಿಸಲು ಒಂದು ನಿಮಿಷವೂ ಬೇಡ.

ಆಮೇಲೆ ಹೆಡಿಂಗ್. ನಾವು ಪುಟವನ್ನು ಮೇಲಿಂದ ಕೆಳಗೆ ಪೂರ್ತಿ ಕೇಳುವುದಿಲ್ಲ, ಎಚ್ ಕೀ ಒತ್ತುತ್ತಾ ಹೆಡಿಂಗಿನಿಂದ ಹೆಡಿಂಗಿಗೆ ಹಾರುತ್ತೇವೆ. ಅಕ್ಷರ ದಪ್ಪ ಮಾಡಿದ ಮಾತ್ರಕ್ಕೆ ಅದು ಹೆಡಿಂಗ್ ಆಗುವುದಿಲ್ಲ, ಹೆಡಿಂಗ್ ಟ್ಯಾಗನ್ನೇ ಹಾಕಬೇಕು. ಬಟನ್ನಿನದೂ ಇದೇ ಕತೆ. ಡಿವ್ ಎಂಬ ಬರೀ ಚೌಕಟ್ಟಿನ ಟ್ಯಾಗಿಗೆ ಬಣ್ಣ ಬಳಿದು ಬಟನ್ ಎಂದು ಕೂರಿಸಿದರೆ ಮೌಸಿಗೆ ಸಿಗುತ್ತದೆ, ಟ್ಯಾಬ್ ಕೀಗೆ ಸಿಗುವುದಿಲ್ಲ. ಲಿಂಕುಗಳ ಪಟ್ಟಿ ತೆಗೆದರೆ ‘ಇನ್ನಷ್ಟು ಓದಿ, ಇನ್ನಷ್ಟು ಓದಿ’ ಎಂದೇ ಕೇಳುತ್ತಿರುತ್ತದೆ. ಏನನ್ನು ಓದಬೇಕು ಮಾರಾಯ್ರೇ? ಸುದ್ದಿಯ ತಲೆಬರಹವನ್ನೇ ಲಿಂಕ್ ಮಾಡಿ.

ಇನ್ನು ನೀವು ಕೇಳಿದ ಪ್ಲಗಿನ್. ಒಂದೇ ಸಾಲಿನ ಕೋಡ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಮಾರುವವರು ಜಾಸ್ತಿ ಇದ್ದಾರೆ. ಆಕ್ಸೆಸಿಬಿ ಎಂಬ ಕಂಪನಿ ತನ್ನ ಪ್ಲಗಿನ್ ಬಗ್ಗೆ ಹಾಗೆ ಹೇಳಿಕೊಂಡಿದ್ದಕ್ಕೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿತು. ಪ್ಲಗಿನ್ನಿಗೆ ಹಾಕುವ ದುಡ್ಡು ಉಳಿಸಿಕೊಳ್ಳಿ.

ಬದಲಿಗೆ ಎನ್‌ವಿಡಿಎ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ನಡೆಯುವ ಉಚಿತ ಸ್ಕ್ರೀನ್ ರೀಡರ್ ಅದು, ಜತೆಗೆ ಬರುವ ಈಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ರೋಬೋ ಥರ ಇದೆ, ಅಭ್ಯಾಸವಾಗುತ್ತದೆ. ಮಾನಿಟರ್ ಆಫ್ ಮಾಡಿ, ಮೌಸ್ ಪಕ್ಕಕ್ಕಿಟ್ಟು, ನಿಮ್ಮದೇ ಸೈಟಿನಲ್ಲಿ ನಿನ್ನೆಯ ಒಂದು ಸುದ್ದಿ ಹುಡುಕಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ಕಾಮೆಂಟಿನಲ್ಲಿ ಬರೆಯಿರಿ, ಆ ಭಾಗದ ಕೋಡನ್ನೂ ಹಾಕಿದರೆ ನೋಡಿ ಹೇಳುತ್ತೇನೆ.