ಕೊಡಗಲ್ಲಿ ಸಣ್ಣ ಅಂಗಡೀಲಿ ಕಾಫಿ ಕುಡಿದ್ರೆ ಊರಿಗೇನು ಲಾಭ?

ಟ್ರಿಪ್‌ಗೆ ಬಂದಾಗ ಮೇನ್ ರೋಡಿನ ದೊಡ್ಡ ಕೆಫೆ ಬಿಟ್ಟು ಊರೊಳಗಿನ ಸಣ್ಣ ಅಂಗಡೀಲಿ ಕಾಫಿ ಕುಡಿದ್ರೆ ನಿಜವಾಗ್ಲೂ ಊರಿಗೆ ಉಪಯೋಗ ಆಗುತ್ತಾ, ಇಲ್ಲ ಸುಮ್ನೆ ಹೇಳೋ ಮಾತಾ ಅಂತ ಕೇಳಿದೀರ. ನಮ್ದು ಸಿದ್ದಾಪುರದ ಹತ್ರ (ಉತ್ತರ ಕನ್ನಡದ್ದಲ್ಲ, ಕೊಡಗಿಂದು) ಮೂರು ಎಕರೆ ರೋಬಸ್ಟಾ ಜಾತಿಯ ಕಾಫಿ ತೋಟ ಇದೆ, ಹಾಗಾಗಿ ನಂಗೆ ಚೀಲದ ಲೆಕ್ಕದಲ್ಲಿ ಹೇಳೋದೇ ಸುಲಭ.

2025ರ ಶುರುವಲ್ಲಿ ಒಣಗಿದ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿತ್ತು, ಅದಕ್ಕೂ ಐದಾರು ವರ್ಷ ಮುಂಚೆ ಮೂರು ಸಾವಿರ ಚಿಲ್ರೆಗೆ ಕೊಟ್ಟು ಬಾಯಿ ಮುಚ್ಕೊಂಡು ಮನೆಗೆ ಬಂದಿದ್ದೂ ನೆನಪಿದೆ. ಆ ಚೀಲದ ಸಿಪ್ಪೆ ತೆಗೆಸಿದ್ರೆ ಬೀಜ ಸಿಗೋದು 26 ಕೆಜಿ ಆಸುಪಾಸು, ಇದಕ್ಕೇ ಔಟ್‌ಟರ್ನ್ ಅನ್ನೋದು, ವ್ಯಾಪಾರಿ ಜೊತೆ ಜಗಳ ಆಗೋದೆಲ್ಲ ಇದ್ರ ಮೇಲೇನೇ. ಹುರಿದಾಗ ಇನ್ನೊಂದು ನಾಲ್ಕೈದು ಕೆಜಿ ಹೋಗುತ್ತೆ. ಉಳಿದ 21 ಕೆಜಿ ಪುಡೀಲಿ ಕಪ್ಪಿಗೆ 10 ಗ್ರಾಂ ಹಾಕಿದ್ರೂ 2,100 ಕಪ್, 15 ರೂಪಾಯಿ ಹಿಡಿದ್ರೆ 31,500.

ಚೀಲ ಲಾರಿ ಹತ್ತಿ ಹೋಯ್ತಾ, ಊರಿಗೆ ದಕ್ಕೋದು ನನ್ನ ಕೈಗೆ ಬಂದ 10,000 ಅಷ್ಟೇ. ಇಲ್ಲೇ ಹುರಿದು ಇಲ್ಲೇ ಕಪ್ಪಿಗೆ ಬಿದ್ರೆ ಮಿಕ್ಕ ಇಪ್ಪತ್ತು ಸಾವಿರದಲ್ಲೂ ಸುಮಾರು ಭಾಗ ಇಲ್ಲೇ ಸುತ್ತುತ್ತೆ, ಹಾಲಿನವ್ರಿಗೆ, ಸಿಪ್ಪೆ ತೆಗೆಯೋ ಹಲ್ಲರ್ ಮಿಲ್‌ಗೆ, ಲೋಟ ತೊಳೆಯೋರಿಗೆ, ಬೆಳಿಗ್ಗೆ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಮಾಡಿ ಕೊಡೋ ಪಕ್ಕದ ಮನೆ ಅಕ್ಕಂಗೆ. ಸಕ್ಕರೆ, ಗ್ಯಾಸ್ ದುಡ್ಡು ಹೊರಗೇ ಹೋಗುತ್ತೆ, ಅದು ಬೇರೆ ಮಾತು. ದೇಶದಲ್ಲಿ ಬೆಳೆಯೋ ಕಾಫೀಲಿ ಸುಮಾರು 70 ಪರ್ಸೆಂಟ್ ಎಕ್ಸ್‌ಪೋರ್ಟ್ ಆಗುತ್ತೆ, ಆದ್ರೆ ಸುತ್ತ ತೋಟ ಇಟ್ಕೊಂಡು ನಮ್ಮೂರ ದಿನಸಿ ಅಂಗಡೀಲಿ ನೇತಾಡ್ತಿರೋದು ಮಾತ್ರ ಹೊರಗಿಂದ ಬಂದ, ಚಿಕೋರಿ (ಒಂದು ಗಿಡದ ಬೇರು ಹುರಿದು ಮಾಡೋ ಪುಡಿ) ಬೆರೆಸಿದ ಕಾಫಿಪುಡಿ ಪ್ಯಾಕೆಟ್.

ದುಡ್ಡಿಗಿಂತ ನಾನು ಜಾಸ್ತಿ ಬೆಲೆ ಕೊಡೋದು ಅಲ್ಲಿರೋ ಬೆಂಚಿಗೆ. ನಾನು ಹೋಗೋದು ಒಬ್ರು ಕಾಕನ (ಮಲಯಾಳಿ ಮುಸ್ಲಿಂ ಹಿರಿಯರನ್ನ ಇಲ್ಲಿ ಹಾಗೇ ಕರೆಯೋದು) ಅಂಗಡಿಗೆ, ನಮ್ಮಂಥ ಸಣ್ಣ ಬೆಳೆಗಾರರ ಹತ್ರಾನೇ ವರ್ಷಕ್ಕೆ ಒಂದಿಷ್ಟು ಚೀಲ ತಗೋತಾರೆ. ಬೆಳಿಗ್ಗೆ ಆರಕ್ಕೆ ಅಲ್ಲಿ ಕೂತ್ರೆ ಆನೆ ರಾತ್ರಿ ಯಾರ ತೋಟಕ್ಕೆ ಇಳೀತು, ಈಗ ಎಲ್ಲಿದೆ ಅಂತ ಗೊತ್ತಾಗುತ್ತೆ. ಅರಣ್ಯ ಇಲಾಖೆ ಮೆಸೇಜ್ ಬರೋದು ಇದ್ದೇ ಇದೆ, ಆದ್ರೆ ನೆಟ್‌ವರ್ಕ್ ಇಲ್ಲದ ಲೈನ್ ಮನೆಯಿಂದ (ತೋಟದ ಕೆಲಸದವ್ರ ಸಾಲು ಮನೆ) ಕೆಲಸಕ್ಕೆ ಹೊರಡೋರಿಗೆ ಆ ಬೆಂಚೇ ಮೆಸೇಜು, ಎಷ್ಟೋ ಸಲ ಅಲ್ಲಿ ಕೇಳಿ ದಾರಿ ಬದಲಾಯಿಸಿದೀವಿ. ಕೊಯ್ಲಿಗೆ ಆಳು ಸಿಗೋದು, ಮೋಟರ್ ರಿಪೇರಿಯವ್ರ ನಂಬರ್ ಸಿಗೋದು ಎಲ್ಲ ಅಲ್ಲೇ. ವಾರದ ಬಟವಾಡೆ ತನಕ ಎಷ್ಟೋ ಜನರ ಲೆಕ್ಕ ಒಂದು ನೋಟ್‌ಬುಕ್ಕಲ್ಲಿ ಇರುತ್ತೆ, ಬಿಲ್ ಮಿಷನ್ ಇಟ್ಟಿರೋ ಕೆಫೇಲಿ ಸಾಲ ಹೇಳಿ ನೋಡಿ. 2019ರ ಆಗಸ್ಟಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ ಕಡೆ ಮನೆಗಳೆಲ್ಲ ನೀರಲ್ಲಿ ನಿಂತಾಗ ಕಾಕ ದೊಡ್ಡ ಪಾತ್ರೇಲಿ ಬೆಲ್ಲದ ಕಾಫಿ ಕಾಯಿಸಿ ಕೊಡ್ತಾನೇ ಇದ್ರು, ಹಾಲಿನ ವ್ಯಾನ್ ಬರ್ದೇ ಇದ್ರೂ ಅಂಗಡಿ ಬಾಗಿಲು ಹಾಕ್ಲಿಲ್ಲ.

ಆದ್ರೆ ಸಣ್ಣದು ಅಂದ್ಮಾತ್ರಕ್ಕೆ ಎಲ್ಲಾ ಒಳ್ಳೇದಲ್ಲ. 'ಕೂರ್ಗ್ ಕಾಫಿ' ಅಂತ ಬೋರ್ಡ್ ಹಾಕಿ ಎಲ್ಲಿದೋ ಪುಡಿ ಮಾರೋರು ರೋಡುದ್ದಕ್ಕೂ ಇದಾರೆ, ಅವ್ರ ಹತ್ರ ತಗೊಂಡ್ರೆ ನಮ್ಮ ಚೀಲಕ್ಕೆ ಏನೂ ಬರಲ್ಲ. ಯಾರ ತೋಟದ್ದು, ಎಲ್ಲಿ ಹುರೀತೀರ ಅಂತ ಕೇಳಿ, ನಿಜವಾಗ್ಲೂ ಮಾಡೋರು ಹೆಸರು ಹೇಳ್ತಾರೆ, ಮಾತು ನಿಲ್ಸೋದೇ ಕಷ್ಟ. ಪ್ಯಾಕೆಟ್ ತಗೊಂಡ್ರೆ ಹಿಂದೆ ತಿರುಗಿಸಿ ಚಿಕೋರಿ ಎಷ್ಟು ಅಂತ ಓದಿ, 49 ಪರ್ಸೆಂಟ್ ತನಕ ಹಾಕೋಕೆ ಕಾನೂನಲ್ಲೇ ಅವಕಾಶ ಇದೆ.

ಬರೋದಾದ್ರೆ ಜನವರಿ, ಫೆಬ್ರವರಿ ಕೊಯ್ಲು ಟೈಮಲ್ಲಿ ಬನ್ನಿ. ಬೆಂಚಲ್ಲಿ ಜಾಗ ಸಿಗಲ್ಲ, ನಿಂತ್ಕೊಂಡೇ ಕುಡೀಬೇಕು.