ಹದಿಹರೆಯದವರ ಕಾದಂಬರಿ ಓದಿ ‘ನನ್ನ ಪ್ರತಿಕ್ರಿಯೆ’ ಎಂದು ಏನು ಬರೆಯುವುದು?

ಹದಿಹರೆಯದವರಿಗೆಂದು ಬರೆದ ಕೆಲವು ಕಾದಂಬರಿಗಳನ್ನು ಓದಿ ಪ್ರತಿಯೊಂದಕ್ಕೂ ವೈಯಕ್ತಿಕ ಪ್ರತಿಕ್ರಿಯೆ ಬರೆದುಕೊಡಬೇಕಾಗಿದೆ; ಆದರೆ ಇಪ್ಪತ್ತು ದಾಟಿದ ತಮಗೆ ಆ ಪುಸ್ತಕಗಳು ಬಾಲಿಶವೆನಿಸುತ್ತಿವೆ, ‘ಇಷ್ಟವಾಯಿತು’, ‘ಇಷ್ಟವಾಗಲಿಲ್ಲ’ ಎಂಬ ಎರಡು ಮಾತುಗಳಾಚೆ ಬರವಣಿಗೆ ಮುಂದುವರಿಯುತ್ತಿಲ್ಲ, ಇಂಥದ್ದನ್ನು ಬರೆದವರು ಏನು ಬರೆದರು ಎಂದು ತಾವು ಕೇಳಿದ್ದೀರಿ. ಎರಡು ವರ್ಷಗಳ ಹಿಂದೆ ನಾನೂ ಇದೇ ಇಕ್ಕಟ್ಟಿನಲ್ಲಿದ್ದೆ. ಆಗ ಓದಿದ ನಾಲ್ಕು ಪುಸ್ತಕಗಳನ್ನು ಇಟ್ಟುಕೊಂಡೇ ಉತ್ತರಿಸುತ್ತೇನೆ. ಕಥೆಯ ತಿರುವುಗಳನ್ನು ಮುಚ್ಚಿಟ್ಟು ಹೇಳುವ ಮಾತಲ್ಲವಾದ್ದರಿಂದ, ಅವನ್ನು ಇನ್ನೂ ಓದಿಲ್ಲದಿದ್ದರೆ ಮೊದಲೇ ಕ್ಷಮೆ ಕೋರುತ್ತೇನೆ.

ನಾನು ಮೊದಲು ಓದಿದ್ದು ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’. ಅದನ್ನು 15ನೆಯ ವಯಸ್ಸಿನಲ್ಲಿ ಬರೆಯಲು ಆರಂಭಿಸಿದ ಲೇಖಕಿಗೆ, 1967ರಲ್ಲಿ ಪುಸ್ತಕ ಪ್ರಕಟವಾದಾಗ ಇನ್ನೂ 18 ವರ್ಷ. ಈ ಸಂಗತಿಯನ್ನು ಮುನ್ನುಡಿಯ ಅಲಂಕಾರದಂತೆ ಮೊದಲ ಸಾಲಿನಲ್ಲೇ ಬರೆದೆ. ಅನಂತರ ಎರಡೂವರೆ ಪುಟ ಕಥಾಸಾರ, ಕೊನೆಗೆ ‘ಕಥೆ ಮನಮುಟ್ಟುವಂತಿದ್ದರೂ ಭಾವುಕತೆ ತುಸು ಹೆಚ್ಚಾಯಿತು’ ಎಂಬ ತೀರ್ಪು. ಬೀದಿಯಲ್ಲಿ ಹೊಡೆದಾಡುವ ಹುಡುಗರು ಸೂರ್ಯಾಸ್ತದ ಬಗ್ಗೆ ಮಾತನಾಡುವುದು, ಮಾತುಮಾತಿಗೆ ಕಣ್ಣೀರು ತುಂಬಿಕೊಳ್ಳುವುದು ನನಗೆ ಕೃತಕವೆನಿಸಿತ್ತು. ಟಿಪ್ಪಣಿ ಮರಳಿ ಬಂದಾಗ ಅಂಚಿನಲ್ಲಿ ಅಧ್ಯಾಪಕರ ಒಂದೇ ಪ್ರಶ್ನೆ ಇತ್ತು: ‘ಇದರಲ್ಲಿ ನೀವು ಎಲ್ಲಿದ್ದೀರಿ?’

ಸಿಟ್ಟು ಬಂದದ್ದು ನಿಜ. ಆ ಸಿಟ್ಟಿನಲ್ಲೇ ಪುಸ್ತಕದ ಕೊನೆಯ ಪುಟಗಳನ್ನು ಮತ್ತೆ ತೆರೆದಾಗ, ನಾನು ಅವುಗಳ ಮೇಲೆ ಬರಿದೇ ಕಣ್ಣಾಡಿಸಿದ್ದೆ ಎಂಬುದು ಗೊತ್ತಾಯಿತು. ಕಾದಂಬರಿಯ ಕೊನೆಯಲ್ಲಿ ಅದರ ಮೊದಲ ವಾಕ್ಯವೇ ಮರಳಿ ಬರುತ್ತದೆ. ಅಂದರೆ ನಾವು ಈವರೆಗೆ ಓದಿದ್ದು, ಗೆಳೆಯರನ್ನು ಕಳೆದುಕೊಂಡು ಓದಿನಲ್ಲಿ ಹಿಂದೆ ಬಿದ್ದ 14 ವರ್ಷದ ಪೋನಿಬಾಯ್, ಇಂಗ್ಲಿಷ್ ತರಗತಿಯಲ್ಲಿ ಉತ್ತೀರ್ಣನಾಗಲು ಬರೆದುಕೊಡಬೇಕಾಗಿದ್ದ ಪ್ರಬಂಧವನ್ನೇ. ನಾನು ‘ಹೆಚ್ಚಾಯಿತು’ ಎಂದು ಅಂಕ ಕಳೆದದ್ದು ಹಿಂಟನ್ ಅವರ ಭಾವುಕತೆಗಲ್ಲ, ಆ ಹುಡುಗನ ಭಾವುಕತೆಗೆ. ಪ್ರಬಂಧ ಬರೆದುಕೊಡಬೇಕಾದ ವಿದ್ಯಾರ್ಥಿಯಾದ ನಾನು, ನನ್ನಂಥದೇ ಇನ್ನೊಬ್ಬ ವಿದ್ಯಾರ್ಥಿಯ ಪ್ರಬಂಧವನ್ನು ಅತ್ಯಂತ ಜಿಪುಣ ಪರೀಕ್ಷಕನ ಹಾಗೆ ತಿದ್ದಿದ್ದೆ. ಎರಡನೆಯ ಸಲ ಬರೆದ ಟಿಪ್ಪಣಿಯಲ್ಲಿ ಕಥಾಸಾರ ಇರಲಿಲ್ಲ, ಈ ಪೆಚ್ಚುತನವಷ್ಟೇ ಇತ್ತು.

ಇಲ್ಲಿ ಸ್ವಲ್ಪ ಸಿದ್ಧಾಂತದ ಮಾತು ಬೇಕಾಗುತ್ತದೆ. ಓದುಗ ಮತ್ತು ಪಠ್ಯ ಪರಸ್ಪರ ಎದುರಾದಾಗಲೇ ಕೃತಿ ಸಂಭವಿಸುತ್ತದೆ ಎಂಬ ವಿಚಾರವನ್ನು ಅಮೆರಿಕದ ಸಾಹಿತ್ಯ ವಿದ್ವಾಂಸೆ ಲೂಯಿಸ್ ರೋಸೆನ್‌ಬ್ಲಾಟ್ ಅವರು 1938ರಷ್ಟು ಹಿಂದೆಯೇ ಮಂಡಿಸಿದ್ದರು. 1978ರ ಪುಸ್ತಕವೊಂದರಲ್ಲಿ ಅವರು ಓದಿನ ಎರಡು ಬಗೆಗಳನ್ನು ಬೇರ್ಪಡಿಸುತ್ತಾರೆ. ಒಂದು, ಓದಿ ಮುಗಿಸಿದ ಮೇಲೆ ಕೈಯಲ್ಲಿ ಉಳಿಯಬೇಕಾದ ಮಾಹಿತಿಗಾಗಿ ಓದುವುದು. ವಿಷಪದಾರ್ಥ ನುಂಗಿದ ಮಗುವಿನ ತಾಯಿ ಸೀಸೆಯ ಮೇಲಿನ ಚೀಟಿಯಲ್ಲಿ ಅದಕ್ಕೆ ಮದ್ದೇನೆಂದು ಹುಡುಕುವುದು ಅವರು ಕೊಡುವ ಉದಾಹರಣೆ. ಇನ್ನೊಂದು, ಓದುತ್ತಿರುವಾಗಲೇ ನಮ್ಮೊಳಗೆ ಏನಾಗುತ್ತಿದೆ ಎಂಬುದಕ್ಕೆ ಗಮನ ಕೊಟ್ಟು ಓದುವುದು. ನಾನು ಕಾದಂಬರಿಗಳನ್ನೂ ಸೀಸೆಯ ಚೀಟಿಯಂತೆ ಓದುತ್ತಿದ್ದೆ. ಹೆಸರುಗಳು, ಘಟನೆಗಳು, ‘ಕೇಂದ್ರ ವಸ್ತು’, ಇಷ್ಟು ಹೆಕ್ಕಿಕೊಂಡರೆ ಕೆಲಸ ಮುಗಿಯಿತು. ಹಾಗೆ ಓದಿದವನಲ್ಲಿ ಪ್ರತಿಕ್ರಿಯೆ ಎಲ್ಲಿಂದ ಹುಟ್ಟಬೇಕು? ತಮ್ಮ ಲೇಖನಿ ನಿಂತಿರುವುದಕ್ಕೂ ಇದೇ ಕಾರಣವಿರಬಹುದು ಎಂಬುದು ನನ್ನ ಊಹೆ.

ಎರಡನೆಯ ಪುಸ್ತಕ ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ (1999). ನನ್ನನ್ನು ನಿಜವಾಗಿ ಕದಡಿದ್ದು ಇದು. ಪ್ರೌಢಶಾಲೆಗೆ ಹೊಸದಾಗಿ ಸೇರಿದ ಮೆಲಿಂಡಾ ಎಂಬ ಹುಡುಗಿ ಮಾತನಾಡುವುದನ್ನೇ ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿದ್ದಾಳೆ. ಬೇಸಿಗೆಯ ಒಂದು ಪಾರ್ಟಿಗೆ ಪೊಲೀಸರನ್ನು ಕರೆಸಿದವಳು ಎಂಬ ಕಾರಣಕ್ಕೆ ಗೆಳತಿಯರು ಅವಳನ್ನು ದೂರವಿಟ್ಟಿದ್ದಾರೆ. ಅವಳು ಪೊಲೀಸರನ್ನು ಏಕೆ ಕರೆದಳು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಾದಂಬರಿ ಶಾಲೆಯ ನಾಲ್ಕು ಪರೀಕ್ಷಾ ಅವಧಿಗಳಾಗಿ ವಿಂಗಡವಾಗಿದ್ದು, ಪ್ರತಿ ಭಾಗದ ಕೊನೆಗೆ ಅವಳ ಅಂಕಪಟ್ಟಿ ಬರುತ್ತದೆ. ಅವಳ ಮೇಲೆ ಅತ್ಯಾಚಾರ ನಡೆದಿತ್ತೆಂಬುದು ಪೂರ್ತಿಯಾಗಿ ನಮ್ಮೆದುರು ಬರುವುದು ಅರ್ಧ ಪುಸ್ತಕ ದಾಟಿದ ಮೇಲೆ.

ನನ್ನ ಪ್ರತಿಯ ಆರಂಭದ ಪುಟವೊಂದರ ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದುಕೊಂಡಿದ್ದೇನೆ: ‘ಇವಳು ಬಾಯಿಬಿಟ್ಟು ಹೇಳಬಾರದೇ?’ ಮುಂದೆ ಇನ್ನೆರಡು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಅವು ಬೇಸರದ ಗುರುತುಗಳೆಂಬುದು ನನಗೆ ಚೆನ್ನಾಗಿ ನೆನಪಿದೆ. ಆಗಿನ ಹಂತದಲ್ಲಿ ನನ್ನ ಪಾಲಿಗೆ ಮೆಲಿಂಡಾ ಸುಮ್ಮನೆ ಮುಖ ಊದಿಸಿಕೊಂಡ, ತರಗತಿ ತಪ್ಪಿಸುವ, ತುಟಿ ಕಚ್ಚಿಕೊಂಡು ಗಾಯ ಮಾಡಿಕೊಳ್ಳುವ, ಉಪಯೋಗಿಸದೆ ಬಿಟ್ಟ ಒಂದು ಕಿರುಕೋಣೆಯಲ್ಲಿ ಅಡಗಿ ಕೂರುವ ಹುಡುಗಿ. ಕಥೆ ಮುಂದೆ ಸಾಗಬೇಕಾದರೆ ಅವಳು ಮಾತನಾಡಬೇಕು, ಮಾತನಾಡದೆ ನನ್ನ ಸಮಯ ಹಾಳು ಮಾಡುತ್ತಿದ್ದಾಳೆ ಎಂಬಂತೆ ಓದುತ್ತಿದ್ದೆ. ಪುಸ್ತಕ ಮುಗಿಸಿ ಮೊದಲ ಪುಟಕ್ಕೆ ಮರಳಿದಾಗ, ಅದೇ ಅಸಹನೆ ಅವಳ ಸುತ್ತಲಿನ ಎಲ್ಲ ಹಿರಿಯರ ಮುಖದಲ್ಲೂ ಇದ್ದದ್ದು ಕಂಡಿತು. ಚೀಟಿ ಬರೆದಿಟ್ಟು ಮಗಳೊಂದಿಗೆ ವ್ಯವಹರಿಸುವ ತಂದೆತಾಯಿ, ಬಿದ್ದುಹೋದ ಅಂಕಗಳನ್ನೇ ರೋಗವೆಂದುಕೊಳ್ಳುವ ಶಾಲೆ, ಅಂಚಿನಲ್ಲಿ ಪೆನ್ಸಿಲ್ ಹಿಡಿದ ನಾನು: ನಾವೆಲ್ಲ ಒಂದೇ ಪಕ್ಷದವರು. ಅವಳಿಗೆ ವರ್ಷವಿಡೀ ‘ಮರ’ ಎಂಬ ಒಂದೇ ವಸ್ತುವನ್ನು ಕೊಟ್ಟು, ಅದು ಸರಿಯಾಗಿ ಮೂಡುವವರೆಗೆ ಕಾಯುವ ಚಿತ್ರಕಲಾ ಶಿಕ್ಷಕರೊಬ್ಬರೇ ಈ ಪಕ್ಷದ ಹೊರಗಿನವರು. ಕೊನೆಗೂ ಹಳೆಯ ಗೆಳತಿಗೆ ಅವಳು ವಿಷಯ ತಿಳಿಸುವುದು ಗ್ರಂಥಾಲಯದಲ್ಲಿ ಕುಳಿತು, ಅದೂ ಬಾಯಿಂದಲ್ಲ, ಕಾಗದದ ಮೇಲೆ ಬರೆದು. ‘ಬಾಯಿಬಿಟ್ಟು’ ಎಂಬ ನನ್ನ ಪೆನ್ಸಿಲ್ ಮಾತು ಆ ಪುಟದ ಮುಂದೆ ಎಷ್ಟು ಒರಟಾಗಿ ಕಂಡಿತೆಂದರೆ ಅಳಿಸಲು ರಬ್ಬರ್ ಕೈಗೆತ್ತಿಕೊಂಡಿದ್ದೆ. ಅಳಿಸಲಿಲ್ಲ. ಆ ಮಾತನ್ನೇ ಟಿಪ್ಪಣಿಯ ಮೊದಲ ವಾಕ್ಯವನ್ನಾಗಿ ಮಾಡಿದೆ.

ಮಕ್ಕಳ ಪುಸ್ತಕಗಳು ಓದುಗನಿಗೆ ಕನ್ನಡಿಯೂ ಆಗಬಲ್ಲವು, ಕಿಟಕಿಯೂ ಆಗಬಲ್ಲವು, ದಾಟಿ ಒಳಹೋಗುವ ಬಾಗಿಲೂ ಆಗಬಲ್ಲವು ಎಂದು ಅಮೆರಿಕದ ಮಕ್ಕಳ ಸಾಹಿತ್ಯ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ ಅವರು 1990ರಲ್ಲಿ ಬರೆದ ಮಾತನ್ನು ತಮ್ಮ ತರಗತಿಯಲ್ಲೂ ಹೇಳಿರುತ್ತಾರೆ. ತಮ್ಮಂಥವರ ಬದುಕು ಪುಸ್ತಕಗಳಲ್ಲಿ ಎಲ್ಲೂ ಕಾಣದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಆಡಿದ ಮಾತು ಅದು, ಆ ಅರ್ಥದಲ್ಲಿ ಅದಕ್ಕೆ ದೊಡ್ಡ ತೂಕವಿದೆ. ಆದರೆ ವಿದ್ಯಾರ್ಥಿಗಳಾದ ನಾವು ಆ ಕನ್ನಡಿಯನ್ನು ತೀರಾ ಅಗ್ಗ ಮಾಡಿಕೊಂಡಿದ್ದೇವೆ. ‘ನಾಯಕಿಯಲ್ಲಿ ನನ್ನನ್ನೇ ಕಂಡೆ’ ಎಂಬ ವಾಕ್ಯ ನನ್ನ ಸಹಪಾಠಿಗಳ ಟಿಪ್ಪಣಿಗಳಲ್ಲಿ ಎಷ್ಟು ಸಲ ಬಂದಿತ್ತೋ ಲೆಕ್ಕವಿಲ್ಲ. ಎಲ್ಲರೂ ನೊಂದವರಲ್ಲೇ ತಮ್ಮನ್ನು ಕಾಣುವುದಾದರೆ ನೋಯಿಸಿದವರಲ್ಲಿ ಕಾಣುವವರು ಯಾರು? ನನಗಂತೂ ಕನ್ನಡಿ ಎದುರಾದದ್ದು ಮೆಲಿಂಡಾಳಲ್ಲಿ ಅಲ್ಲ, ಅವಳ ಮಾತಿಗೆ ಕಾಯಲಾರದವರಲ್ಲಿ.

ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’ ಇದೇ ಕೆಲಸವನ್ನು ಇನ್ನೂ ನಿಷ್ಠುರವಾಗಿ ಮಾಡುತ್ತದೆ. ಹದಿಹರೆಯದವರ ಸಾಹಿತ್ಯಕ್ಕೆ ಅಮೆರಿಕದಲ್ಲಿ ಕೊಡುವ ಪ್ರಿಂಟ್ಜ್ ಪ್ರಶಸ್ತಿಯನ್ನು 2000ದಲ್ಲಿ ಮೊಟ್ಟಮೊದಲಿಗೆ ಪಡೆದ ಕಾದಂಬರಿ ಇದು. ಅಂಗಡಿ ದರೋಡೆಯೊಂದರಲ್ಲಿ ಮಾಲೀಕನ ಕೊಲೆಯಾಗಿದೆ. ಒಳಗೆ ಪೊಲೀಸರಿದ್ದಾರೆಯೇ ಎಂದು ಮೊದಲೇ ನೋಡಿಬರಲು ಹೋಗಿದ್ದ ಎಂಬ ಆರೋಪದ ಮೇಲೆ 16 ವರ್ಷದ ಸ್ಟೀವ್ ಹಾರ್ಮನ್ ಕಟಕಟೆಯಲ್ಲಿದ್ದಾನೆ. ಸಿನಿಮಾ ಮಾಡುವ ಆಸೆಯಿರುವ ಆ ಹುಡುಗ ತನ್ನ ವಿಚಾರಣೆಯನ್ನೇ ಚಿತ್ರಕಥೆಯಾಗಿ ಬರೆಯುತ್ತಾನೆ, ನಡುನಡುವೆ ದಿನಚರಿಯ ಪುಟಗಳು ಬರುತ್ತವೆ. ಕ್ಯಾಮೆರಾ ಮನಸ್ಸಿನೊಳಗೆ ಹೋಗಲಾರದು. ದಿನಚರಿ ಹೋಗುತ್ತದೆ, ಆದರೆ ಅದೂ ನಮಗೆ ಪೂರ್ತಿ ಸತ್ಯ ಹೇಳುತ್ತಿದೆಯೇ ಎಂಬ ಅನುಮಾನ ಬಿಡುವುದಿಲ್ಲ. ನಾನು ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ಹಾಕಿ, ಅವನು ಆ ದಿನ ಅಂಗಡಿಯೊಳಗೆ ಹೋಗಿದ್ದನೇ ಇಲ್ಲವೇ ಎಂಬ ಒಂದೇ ಪ್ರಶ್ನೆಗೆ ಸಾಕ್ಷ್ಯ ಕಲೆಹಾಕುತ್ತಿದ್ದೆ. ‘ಅಪರಾಧಿಯಲ್ಲ’ ಎಂಬ ತೀರ್ಪು ಬರುತ್ತದೆ. ಸ್ಟೀವ್ ತನ್ನ ವಕೀಲೆಯನ್ನು ಅಪ್ಪಿಕೊಳ್ಳಲು ತೋಳು ಚಾಚುತ್ತಾನೆ, ಆಕೆ ಮೈ ಬಿಗಿಹಿಡಿದು ಅತ್ತ ತಿರುಗಿಬಿಡುತ್ತಾಳೆ. ಅವಳು ತನ್ನಲ್ಲಿ ಏನನ್ನು ಕಂಡಳು ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ಹುಡುಗ ಉಳಿಯುತ್ತಾನೆ. ಅಲ್ಲಿಯವರೆಗೆ ನಾನು ಅವನ ಪರವಾಗಿದ್ದೇನೆಂದು ಭಾವಿಸಿದ್ದೆ. ವಾಸ್ತವದಲ್ಲಿ, ಅವನು ನಿರಪರಾಧಿಯೆಂದು ಯಾರಾದರೂ ಖಾತ್ರಿ ಕೊಟ್ಟರೆ ಮಾತ್ರ ಮರುಕಪಡುವುದೆಂದು ಕಾದು ಕುಳಿತಿದ್ದೆ. ಪುಸ್ತಕ ಆ ಖಾತ್ರಿ ಕೊಡುವುದಿಲ್ಲ.

ನಾಲ್ಕನೆಯದಾದ, ಲೋಯಿಸ್ ಲೌರಿ ಅವರ ‘ದಿ ಗಿವರ್’ (1993) ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರ ಕುರಿತು ನಾನು ಬರೆದದ್ದು ಒಂದು ದೂರು ಮಾತ್ರ. ಕೂಸನ್ನು ಎತ್ತಿಕೊಂಡು ಹಿಮದಲ್ಲಿ ಜಾರುಬಂಡಿಯೇರಿದ ಕಥಾನಾಯಕ ಜೋನಸ್ ಬದುಕಿದನೇ ಸತ್ತನೇ ಎಂಬುದನ್ನು ಲೇಖಕಿ ಅಲ್ಲಿ ಹೇಳಲಿಲ್ಲ ಎಂಬುದು ನನ್ನ ದೂರು. ಅವನು ಬದುಕಿದನೆಂಬುದರಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳತಿಗೆ ಸಂದೇಹವೇ ಇರಲಿಲ್ಲ, ಸತ್ತನೆಂಬುದರಲ್ಲಿ ನನಗಿರಲಿಲ್ಲ. ಇಬ್ಬರೂ ಪುರಾವೆಯಾಗಿ ತೋರಿಸಿದ್ದು ಅದೇ ಕೊನೆಯ ಸಾಲುಗಳನ್ನು. ಸರಣಿಯ ಮುಂದಿನ ಪುಸ್ತಕಗಳಲ್ಲಿ ಉತ್ತರವಿದೆ, ಆದರೆ ಆ ಉತ್ತರಕ್ಕಿಂತ ಅಂದಿನ ನಮ್ಮ ಜಗಳವೇ ನನಗೆ ಹೆಚ್ಚು ಪ್ರಿಯ.

ಇನ್ನು ‘ಬಾಲಿಶ’ ಎಂಬ ತಮ್ಮ ಮಾತು. ಅದನ್ನು ಪೂರ್ತಿ ಅಲ್ಲಗಳೆಯಲಾರೆ. ಎರಡು ಹುಡುಗರ ನಡುವೆ ಒಬ್ಬ ಹುಡುಗಿಯನ್ನು ನಿಲ್ಲಿಸಿ ಮುನ್ನೂರು ಪುಟ ಎಳೆಯುವ, ಕಥೆಗೆ ಅಡ್ಡಿಯಾಗದಿರಲೆಂದು ತಂದೆತಾಯಿಯರನ್ನು ಮೊದಲ ಅಧ್ಯಾಯದಲ್ಲೇ ಸಾಯಿಸುವ, ಕೊನೆಯ ಹತ್ತು ಪುಟಗಳಲ್ಲಿ ಎಲ್ಲ ಗಾಯಗಳನ್ನೂ ಮಾಯಿಸಿಬಿಡುವ ಪುಸ್ತಕಗಳು ಈ ಪ್ರಕಾರದಲ್ಲಿ ಹೇರಳವಾಗಿವೆ. ಆದರೆ ನಾವು ಬಾಲಿಶವೆನ್ನುವುದು ಎಷ್ಟೋ ಸಲ ನಿರೂಪಣೆಯ ದೂರಕ್ಕೆ ಸಂಬಂಧಿಸಿದ್ದು. ದೊಡ್ಡವರಿಗಾಗಿ ಬರೆದ ಕಾದಂಬರಿಯಲ್ಲಿ ಬಾಲ್ಯ ಬಂದರೆ, ಸಾಮಾನ್ಯವಾಗಿ ಅದನ್ನು ಹೇಳುವವನು ಹಲವು ವರ್ಷ ದಾಟಿ ಬಂದವನು. ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ಅವನಿಗೆ ಆಗಲೇ ಗೊತ್ತು. ಯಂಗ್ ಅಡಲ್ಟ್, ಅಂದರೆ ಹದಿಹರೆಯದವರ ಕಾದಂಬರಿಯ ‘ನಾನು’ ಇನ್ನೂ ಘಟನೆಯ ನಡುವೆಯೇ ನಿಂತಿರುತ್ತಾನೆ. ಊಟದ ಮೇಜಿನಲ್ಲಿ ಪಕ್ಕದ ಕುರ್ಚಿ ಖಾಲಿ ಉಳಿದದ್ದು ನಾಳೆ ನೆನಪಿರುತ್ತದೋ ಇಲ್ಲವೋ ಎಂದು ಅವನಿಗೆ ತಿಳಿಯದು. ಆದ್ದರಿಂದ ಅದು ಪ್ರಳಯದಷ್ಟೇ ದೊಡ್ಡದಾಗಿ ಕಾಣುತ್ತದೆ. ಹದಿನೈದರಲ್ಲಿ ನಮಗೂ ಹಾಗೆಯೇ ಕಂಡಿತ್ತು. ಅದನ್ನು ಮರೆತಿರುವವರು ನಾವು, ಮರೆತದ್ದಕ್ಕೆ ಪ್ರೌಢಿಮೆ ಎಂದು ಹೆಸರಿಟ್ಟುಕೊಂಡವರೂ ನಾವೇ.

ಹಾಗೆಂದು ತಾವು ಎಲ್ಲವನ್ನೂ ಮೆಚ್ಚಿ ಬರೆಯಬೇಕಾಗಿಲ್ಲ. ಬೇಸರವೂ ಸಾಚಾ ಪ್ರತಿಕ್ರಿಯೆಯೇ, ಆದರೆ ಯಾವ ಪುಟದಲ್ಲಿ, ಯಾರು ಮಾತನಾಡುತ್ತಿದ್ದಾಗ ಬೇಸರವಾಯಿತು ಎಂದು ಹೇಳಬೇಕು. ಹೇಳಹೊರಟಾಗ ಅರ್ಧಕ್ಕರ್ಧ ಸಂದರ್ಭಗಳಲ್ಲಿ ಬೇಸರದ ಕೆಳಗೆ ಇನ್ನೇನೋ ಸಿಗುತ್ತದೆ. ನಾನು ಕೊನೆಗೆ ಹಿಡಿದ ದಾರಿ ಸರಳವಾದದ್ದು. ಮೊದಲ ಓದಿನಲ್ಲಿ ಅಂಚಿನ ಟಿಪ್ಪಣಿಗಳನ್ನು ಯೋಚಿಸದೆ, ಬಂದ ಹಾಗೆಯೇ ಬರೆದುಕೊಳ್ಳುವುದು. ಎರಡು ದಿನ ಬಿಟ್ಟು, ಪುಸ್ತಕವನ್ನಲ್ಲ, ಆ ಟಿಪ್ಪಣಿಗಳನ್ನಷ್ಟೇ ಓದುವುದು. ಯಾವುದನ್ನು ಯಾರಿಗೂ ತೋರಿಸಬಾರದೆನಿಸುತ್ತದೋ ಅಲ್ಲಿಂದಲೇ ಬರೆಯಲು ಶುರುಮಾಡುವುದು. ಕಥಾಸಾರಕ್ಕೆ ನಾಲ್ಕು ಸಾಲು ಸಾಕು, ಅದನ್ನು ಅಧ್ಯಾಪಕರು ಬಲ್ಲರು.

ಸಲ್ಲಿಕೆಗೆ ಒಂದೇ ವಾರ ಉಳಿದಿದ್ದರೆ ‘ಮಾನ್‌ಸ್ಟರ್’ ಎತ್ತಿಕೊಳ್ಳಿ. ಬಹುಪಾಲು ಸಂಭಾಷಣೆಯ ರೂಪದಲ್ಲಿರುವುದರಿಂದ ಎರಡು ಸಂಜೆಗಳಲ್ಲಿ ಮುಗಿಯುತ್ತದೆ. ತೀರ್ಪಿನ ಪುಟಕ್ಕೆ ಬರುವ ಮೊದಲು ಪುಸ್ತಕ ಮುಚ್ಚಿಟ್ಟು, ಸ್ಟೀವ್ ತಪ್ಪು ಮಾಡಿದ್ದಾನೆಯೇ ಇಲ್ಲವೇ, ಹಾಗೆಂದು ತಮಗೆ ಏಕೆ ಅನಿಸುತ್ತದೆ ಎಂಬುದನ್ನು ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದಿಡಿ. ಆ ಹಾಳೆಯನ್ನು ತಿದ್ದದೆ ಟಿಪ್ಪಣಿಯ ಜೊತೆಗೇ ಲಗತ್ತಿಸಿ ಕೊಡಿ.